ದಂಡಿನ ಹಿಂದೆ ನಡೆದವರು

ಆರ್.ಟಿ. ನಗರದ ನಮ್ಮ ಮನೆಯಿಂದ ದಂಡುಪ್ರದೇಶದ ಕಡೆಗೆ ಹೊರಟರೆ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕಸ್ತಂಭವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ನಮ್ಮ ಈ ಸವಾರರೂ ಇದ್ದರು. ಅವರಿಗೆ ಸಂದ ಗೌರವ ಉಚಿತವಾದದ್ದೇ. ಆದರೆ ಅದೇ ಮಹಾಯುದ್ಧಕ್ಕೆ ಮೈಸೂರು ಸಂಸ್ಥಾನವು ಒಂದು ಸಾಗಣೆ ಪಡೆಯನ್ನೂ ಕಳುಹಿಸಿತ್ತು, ಅದು ಮೆಸೊಪೊಟೇಮಿಯಾದಲ್ಲಿ ದುಡಿಯಿತು ಎಂಬುದನ್ನು ಬಲ್ಲವರು ವಿರಳ.

ಸೈನ್ಯಕ್ಕೆ ಅನ್ನ, ಮೇವು, ಇಂಧನಗಳನ್ನು ಒದಗಿಸುವ ಆರ್ಮಿ ಸರ್ವೀಸ್ ಕೋರ್‌ನ ತರಬೇತಿ ಕೇಂದ್ರ ಮತ್ತು ಕಾಲೇಜು ಬೆಂಗಳೂರಿನಲ್ಲಿಯೇ ಇದೆ. ಇಂತಹ ಸೇವೆಯ ಚರಿತ್ರೆಗೆಂದು ವಸ್ತುಸಂಗ್ರಹಾಲಯದಲ್ಲಿ ಒಂದು ಅಂಕಣವನ್ನು ಅಣಿಗೊಳಿಸುವುದಾದರೆ ಕನ್ನಡನಾಡು ಅಲ್ಲಿ ಏನನ್ನು ಇಡಬಹುದು?

ಮೊದಲಿಗೆ ಅಮೃತ ಮಹಲ್ ಎತ್ತನ್ನು ಇಡಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ಇಲಾಖೆಗೆ ಟಿಪ್ಪು ಸುಲ್ತಾನ್ ಇಟ್ಟ ಹೆಸರು ಅಮೃತ ಮಹಲ್. ಹೆಸರು ಹಾಲು ಬೆಣ್ಣೆಯದಾದರೂ ಆ ಎತ್ತುಗಳ ಕೀರ್ತಿ ಫಿರಂಗಿ ಎಳೆಯುವುದರಲ್ಲಿ, ದಂಡಿನ ಸಾಮಾನು ಹೊತ್ತು ವೇಗವಾಗಿ ನಡೆಯುವುದರಲ್ಲಿ. 1799ರ ನಂತರ ಹಿಂಡು ಇಂಗ್ಲಿಷರ ಪಾಲಾಯಿತು. 1860ರಲ್ಲಿ ಮಿತವ್ಯಯದ ನೆಪದಿಂದ ಅದನ್ನು ಮಾರಿ ಚದುರಿಸಿದರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗದೆ ಮತ್ತೆ ಕಟ್ಟತೊಡಗಿದರು. ಇಂದು ಆ ತಳಿಯನ್ನು ಅಜ್ಜಂಪುರದ ಕೇಂದ್ರದಲ್ಲಿ ಸಾಕುತ್ತಾರೆ. ಕಡೂರಿನ ಕಡೆಯ ನಮ್ಮ ಸೋದರಮಾವನವರು ಆ ಜಾತಿಯ ಜೋಡಿಯನ್ನು ಕಟ್ಟಿದ್ದರು. ಅಪರಿಚಿತರನ್ನು ಹತ್ತಿರ ಸೇರಿಸದ ಆ ಎತ್ತುಗಳು ಮಾವನವರ ಒಂದು ಗದರಿಕೆಗೆ ತಲೆ ತಗ್ಗಿಸುತ್ತಿದ್ದವು.

ಎತ್ತಿಲ್ಲದ ಸೈನ್ಯದ ಗತಿ ಏನೆಂಬುದಕ್ಕೆ 1791ನೆಯ ಇಸವಿಯೇ ಸಾಕ್ಷಿ. ಆ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್, ನಿಜಾಮನ ಕುದುರೆ ಪಡೆಯನ್ನು ಕೂಡಿಕೊಳ್ಳಲು ನಮ್ಮ ಉತ್ತರದಿಕ್ಕಿನ ದೇವನಹಳ್ಳಿ, ಚಿಕ್ಕಬಳ್ಳಾಪುರಗಳತ್ತ ಹೋಗಿಬಂದು, ಬಳಿಕ ಶ್ರೀರಂಗಪಟ್ಟಣಕ್ಕೆ ನಡೆದ. ಮೇ 15ರಂದು ಅರಕೆರೆಯ ಬಳಿ ಗೆದ್ದೂ ಆಯಿತು. ಆದರೆ ಮೇವಿಲ್ಲದೆ, ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಸತ್ತವು, ಸೈನಿಕರಿಗೆ ಧಾನ್ಯವಿರಲಿಲ್ಲ. ರಾಜಧಾನಿ ಕಣ್ಣೆದುರಿಗಿದ್ದರೂ ಆತ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಗೆದ್ದವನನ್ನು ಹಿಮ್ಮೆಟ್ಟಿಸಿದ್ದು ಹಸಿವು.

ಮುಂದಿನ ದಂಡಯಾತ್ರೆಗೆ ಧಾನ್ಯ ಹೊತ್ತು ತಂದವರು ಲಂಬಾಣಿಗಳು. ಹೆಂಡತಿ ಮಕ್ಕಳೊಡನೆ, ಸಾವಿರಾರು ಎತ್ತುಗಳೊಡನೆ ಅವರು ದಂಡಿನ ಬೆನ್ನಿಗೆ ನಡೆಯುತ್ತಿದ್ದರು. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದುದರಲ್ಲಿ ಆ ಗೋಣಿಚೀಲಗಳ ಪಾತ್ರ ಚಿಕ್ಕದಲ್ಲ. ರಸ್ತೆ, ರೈಲು ಬಂದಮೇಲೆ ಅವರ ಕಸುಬು ಅಳಿಯಿತು. ಅನ್ನ ಹೊತ್ತವರ ಮೇಲೆಯೇ ಆ ಆಳ್ವಿಕೆ ಹಲವೆಡೆ 'ಅಪರಾಧಿ ಬುಡಕಟ್ಟು' ಎಂಬ ಮುದ್ರೆ ಒತ್ತಿತು. ಇದು ಚರಿತ್ರೆಯ ಕೃತಘ್ನತೆ.

ಹೆಬ್ಬಾಳದ ಕಡೆಯ ಶಾಲೆಯೊಂದರಲ್ಲಿ ನಾನು ಈ ಪಾಠ ಮಾಡಿದಾಗ, ಕಟ್ಟಡದ ಕೆಲಸಕ್ಕೆಂದು ಕಲಬುರಗಿಯ ತಾಂಡಾದಿಂದ ಬಂದಿದ್ದವರ ಮಗನೊಬ್ಬ ಹಿಂದಿನ ಬೆಂಚಿನಿಂದ ಎದ್ದು, "ಸಾರ್, ಅವರು ನಮ್ಮವರೇನು?" ಎಂದು ಕೇಳಿದ. "ಹೌದಪ್ಪ, ನಿಮ್ಮವರೇ" ಎಂದೆ. ಒಂಬತ್ತನೆಯ ತರಗತಿಯ ಆ ಹುಡುಗ ವರ್ಷವಿಡೀ ತಾನಾಗಿ ಕೇಳಿದ ಪ್ರಶ್ನೆ ಅದೊಂದೇ. ಮರುದಿನದಿಂದ ಅವನು ಮುಂದಿನ ಬೆಂಚಿಗೆ ಬಂದು ಕುಳಿತ. ರಾಜರ ಹೆಸರನ್ನಷ್ಟೇ ಹೇಳುವ ಪಾಠದಲ್ಲಿ ಅಂಥ ಮಕ್ಕಳಿಗೆ ಜಾಗವೆಲ್ಲಿ?

ನಾನು ಬಯಸುವ ಅಂಕಣದಲ್ಲಿ ಕತ್ತಿ, ಈಟಿಗಳ ಪಕ್ಕದಲ್ಲಿಯೇ ಒಂದು ನೊಗ, ಒಂದು ಗೋಣಿಚೀಲ, ಒಂದು ಎತ್ತಿನ ಲಾಳ ಇರಬೇಕು. ಅವುಗಳ ಕೆಳಗೆ ಲಂಬಾಣಿಗಳ ಹೆಸರು ಕನ್ನಡದಲ್ಲಿರಬೇಕು. ನಿಮ್ಮ ಮನೆಗಳಲ್ಲಿ ಗಾಡಿ ಹೊಡೆದ, ದಂಡಿಗೆ ದವಸ ಸಾಗಿಸಿದ ಹಿರಿಯರ ಮಾತು ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಈಗಲೇ ಬರೆದಿಡಿ. ಕಂಚಿನ ಪ್ರತಿಮೆ ಕಾಯುತ್ತದೆ, ಅಜ್ಜನ ನೆನಪು ಕಾಯುವುದಿಲ್ಲ.