ಪಿಯಾನೋ ಇಲ್ಲದ ಪಿಯಾನೋ ಅಭ್ಯಾಸ

ನಮ್ಮ ಮನೆಯಲ್ಲಿ ಪಿಯಾನೋ ಇಲ್ಲ. ಆದರೂ ಗಂಡ ಹೆಂಡತಿ ಇಬ್ಬರೂ ಮೂರು ವರ್ಷದಿಂದ ಪಿಯಾನೋ ಕಲಿಯುತ್ತಿದ್ದೇವೆ ಎಂದರೆ ಕೂಟದ ಗೆಳೆಯರಿಗೆ ನಗು. "ಒಲೆ ಇಲ್ಲದೆ ಅಡುಗೆ ಕಲಿತ ಹಾಗಾಯಿತಲ್ಲ ಸ್ವಾಮಿ!" ಎಂದು ಯುಗಾದಿ ಊಟದ ಪಂಕ್ತಿಯಲ್ಲೇ ಒಬ್ಬರು ಕೇಳಿಬಿಟ್ಟರು. ಹೋಳಿಗೆ ಬಾಯಲ್ಲಿದ್ದುದರಿಂದ ಆಗ ಉತ್ತರ ಕೊಡಲಾಗಲಿಲ್ಲ. ಸಂಪಾದಕರು ಎರಡು ಪುಟ ಬಿಟ್ಟುಕೊಟ್ಟಿದ್ದಾರೆ, ಇಲ್ಲಿ ಕೊಡುತ್ತೇವೆ.

ನಾವಿರುವುದು ಮ್ಯಾನ್‌ಹೈಮ್ ಊರಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿ. ನೆಲವೆಲ್ಲ ಮರದ ಹಲಗೆ. ಜರ್ಮನಿಯಲ್ಲಿ ಮೌನಕ್ಕೂ ವೇಳಾಪಟ್ಟಿ ಇದೆಯೆಂಬುದು ಇಲ್ಲಿರುವ ವಾಚಕರಿಗೆ ಹೇಳಬೇಕಾಗಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿಲ್ಲ. ನಮ್ಮ ಕಟ್ಟಡದ ನಿಯಮದ ಪ್ರಕಾರ ಮಧ್ಯಾಹ್ನ 1ರಿಂದ 3 ಕೂಡ. ಭಾನುವಾರ ಇಡೀ ದಿನ. ಕಾನೂನೇನೋ ವಾದ್ಯ ನುಡಿಸುವವರನ್ನು ಪೂರ್ತಿ ಕೈಬಿಟ್ಟಿಲ್ಲ. 2018ರಲ್ಲಿ ಕಾರ್ಲ್ಸ್‌ರೂಹೆಯ ಸರ್ವೋಚ್ಚ ನ್ಯಾಯಾಲಯ ಒಬ್ಬ ತುತ್ತೂರಿಗಾರರ ಮೊಕದ್ದಮೆಯಲ್ಲಿ, ಮನೆಯಲ್ಲಿ ವಾದ್ಯ ನುಡಿಸುವುದನ್ನು ಪೂರಾ ನಿಷೇಧಿಸುವಂತಿಲ್ಲ, ವಾರದ ದಿನಗಳಲ್ಲಿ ಎರಡು ಮೂರು ಗಂಟೆ ನುಡಿಸಬಹುದೆಂಬುದು ಸ್ಥೂಲವಾದ ಅಳತೆ ಎಂದಿತು. ಆದರೆ ಕೆಳಗಿನ ಮನೆಯಾಕೆ ರಾತ್ರಿಪಾಳಿಯ ದಾದಿ. ನಾವು ಕೆಲಸದಿಂದ ಬಂದು ಕೂರುವ ಸಂಜೆಯ ಹೊತ್ತಿಗೇ ಆಕೆಗೆ ನಿದ್ದೆ. ನ್ಯಾಯಾಲಯದ ತೀರ್ಪು ಹಿಡಿದುಕೊಂಡು ಆಕೆಯ ಬಾಗಿಲು ತಟ್ಟುವುದು ಹೇಗೆ?

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುವ ಎಲೆಕ್ಟ್ರಾನಿಕ್ ಪಿಯಾನೋ ತರಬಾರದೆ ಎಂದು ನೀವು ಕೇಳುತ್ತೀರಿ. ಎರವಲು ತಂದು ನೋಡಿದೆವು. ನಮ್ಮ ಕಿವಿಗೆ ಬಾಖ್, ಕೆಳಮನೆಗೆ ಮರದ ನೆಲದ ಮೂಲಕ ಬರೀ ಟಕ್ಕು ಟಕ್ಕು. ಸ್ವರವಿಲ್ಲದ ಆ ಸದ್ದು ಪಿಯಾನೋಗಿಂತ ಹಿಂಸೆಯಂತೆ. ಸಂಗೀತವಾದರೂ ಇದ್ದಿದ್ದರೆ ಸಹಿಸಬಹುದಿತ್ತು ಎಂದು ಆಕೆ ಬಹಳ ಸೌಜನ್ಯದಿಂದಲೇ ಹೇಳಿದರು.

ಹೀಗಾಗಿ ನಮ್ಮ ಪಾಲಿಗೆ ಉಳಿದದ್ದು ಹತ್ತಿರದ ಚರ್ಚಿನ ಸಭಾಂಗಣದ ಪಿಯಾನೋ, ಮಂಗಳವಾರ ಮತ್ತು ಶುಕ್ರವಾರ ಒಂದೊಂದು ಗಂಟೆ. ಇಬ್ಬರಿಗೆ ಹಂಚಿದರೆ ತಲೆಗೆ ಅರ್ಧ ಗಂಟೆ. ಮಿಕ್ಕ ಅಭ್ಯಾಸವೆಲ್ಲ ರೈನ್ ನದಿ ದಾಟಿ ಪ್ರಯೋಗಶಾಲೆಗೆ ಹೋಗುವ ಟ್ರಾಮಿನಲ್ಲಿ, ಕೈ ತೊಡೆಯ ಮೇಲೆ, ಕಣ್ಣು ಅರೆಮುಚ್ಚಿ.

ಇದು ನಮ್ಮ ಶೋಧನೆಯಲ್ಲ. ಹ್ಯಾನೋವರಿನಲ್ಲಿ ಕಾರ್ಲ್ ಲೈಮರ್ ಎಂಬ ಗುರುಗಳಿದ್ದರು. ವಾಲ್ಟರ್ ಗೀಸೆಕಿಂಗ್ ಅವರ ಶಿಷ್ಯ. ಗುರುಶಿಷ್ಯರ ಹೆಸರಿನಲ್ಲಿ 1931ರಲ್ಲಿ ಬಂದ ಪುಸ್ತಕದ ಮುಖ್ಯ ಮಾತೇ ಇದು: ಕೃತಿಯನ್ನು ಮೊದಲು ಕಾಗದದ ಮೇಲೆ ಓದಿ, ತಲೆಯಲ್ಲಿ ಪೂರ್ತಿ ಕೂರಿಸಿಕೊಂಡು, ಆಮೇಲೆ ಮನೆ ಮುಟ್ಟಬೇಕು. ನಮ್ಮವರಿಗೆ ಇದರಲ್ಲಿ ಹೊಸದೇನಿದೆ? ಮಾನಸ ಪೂಜೆ ಮಾಡುವವರು ಹೂವಿಲ್ಲದೆ ಅರ್ಚನೆ, ತುಪ್ಪವಿಲ್ಲದೆ ದೀಪ ನಡೆಸುವುದಿಲ್ಲವೆ? ಮೃದಂಗ ಕಲಿಯುವ ಹುಡುಗ ಶಾಲೆಯ ಡೆಸ್ಕಿನ ಮೇಲೆ ಬಾರಿಸಿ ಏಟು ತಿಂದದ್ದೂ ಇದೇ ಜಾತಿಯದು.

ನಾವು ಹಿಡಿದದ್ದು ಬಾಖನ ಎರಡು ಧ್ವನಿಯ ಇನ್ವೆನ್ಷನ್‌ಗಳಲ್ಲಿ ಮೊದಲನೆಯದು. ಒಟ್ಟು 15 ಇವೆ. ಕಲಿಯುವವರಿಗೆಂದು ಆತ 1723ರಲ್ಲಿ ಅಚ್ಚುಕಟ್ಟಾಗಿ ಪ್ರತಿ ಮಾಡಿಟ್ಟದ್ದು. ಮೊದಲನೆಯದಕ್ಕೆ 22 ಬಾರ್ ಮಾತ್ರ, ಆವರ್ತವೆಂದುಕೊಳ್ಳಿ. ತಾಳದ ಪೆಟ್ಟು ಬಿದ್ದಮೇಲೆ ಕಾಲು ಮಾತ್ರೆ ಸುಮ್ಮನಿದ್ದು ಬಲಗೈ ಎತ್ತಿಕೊಳ್ಳುತ್ತದೆ: ಸ ರಿ ಗ ಮ ರಿ ಗ ಸ ಪ. ನೋಡಿದಿರಾ, ನಮ್ಮ ಶಂಕರಾಭರಣದ ಸ್ವರಗಳೇ! ಎಡಗೈ ಅದನ್ನೇ ಕೆಳಗಿನ ಸ್ಥಾಯಿಯಲ್ಲಿ ಹಿಂದೆಯೇ ಹೇಳುತ್ತದೆ. ಏಳನೆಯ ಬಾರಿಗೆ ಬರುವಷ್ಟರಲ್ಲಿ ಪಂಚಮವೇ ಷಡ್ಜವಾಗಿ ಕೂತಿರುತ್ತದೆ, ಮತ್ತು ಈಗ ಎಡಗೈ ಮುಂದೆ, ಬಲಗೈ ಹಿಂದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಷಡ್ಜ ಹೀಗೆ ಜಾಗ ಬದಲಿಸುವುದೇ ಮೊದಮೊದಲು ತಲೆಸುತ್ತು. ಟ್ರಾಮಿನಲ್ಲಿ ನಮ್ಮಲ್ಲೊಬ್ಬರು ಬಲಗೈ, ಇನ್ನೊಬ್ಬರು ಎಡಗೈ. ಸ್ವರ ಪಿಸುಗುಟ್ಟಿಕೊಳ್ಳುತ್ತ ಹೋಗುತ್ತೇವೆ. ಎದುರು ಸೀಟಿನವರು ಜಪವೆಂದುಕೊಂಡಿರಬೇಕು.

ಸುಲಭವೆಂದು ತಿಳಿಯಬೇಡಿ. ನಿಜವಾದ ಪಿಯಾನೋ ಎದುರಿಗಿದ್ದರೆ ಮನಸ್ಸು ಎಲ್ಲೋ ಇದ್ದರೂ ಬೆರಳು ಓಡುತ್ತದೆ. ತಲೆಯೊಳಗಿನ ಪಿಯಾನೋ ಹಾಗೆ ಬಿಟ್ಟುಕೊಡುವುದಿಲ್ಲ. ಯಾವ ಬೆರಳು, ಯಾವ ಮನೆ, ಯಾವ ಸ್ವರ, ಮೂರೂ ಗೊತ್ತಿಲ್ಲದಿದ್ದರೆ ಅಲ್ಲೇ ಕತ್ತಲೆ. ನಮಗೆ ಹತ್ತನೆಯ ಬಾರ್ ಹತ್ತಿರ ತಿಂಗಳುಗಟ್ಟಲೆ ಕತ್ತಲೆಯಿತ್ತು. ಕಳೆದ ವರ್ಷದ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲಿಟ್ಟು ಮನೆಗಳನ್ನು ಬರೆದುಕೊಂಡೆವು: ಒಂದು ಸ್ಥಾಯಿಗೆ ಹದಿನಾರೂವರೆ ಸೆಂಟಿಮೀಟರು, ಮೂರು ಸ್ಥಾಯಿಗೆ ಅರ್ಧ ಮೀಟರು.

ಕಸುಬಿನಿಂದ ನಾವಿಬ್ಬರೂ ರಸಾಯನಶಾಸ್ತ್ರದವರು, ಡಾಕ್ಟರೇಟ್ ಮುಗಿಸಿ ಸಂಶೋಧನೆಯಲ್ಲಿರುವವರು. ಗಾಳಿ ತಾಗಿದರೆ ಹೊತ್ತಿಕೊಳ್ಳುವ ಟರ್ಷರಿ ಬ್ಯುಟೈಲ್ ಲಿಥಿಯಂ ಅನ್ನು ಸಿರಿಂಜಿನಲ್ಲಿ ಎಳೆಯುವ ಮೊದಲು ಖಾಲಿ ಸಿರಿಂಜು ಹಿಡಿದು ಪ್ರತಿ ಹೆಜ್ಜೆಯನ್ನೂ ನಡೆಸಿ ನೋಡುತ್ತೇವೆ: ಎಡಗೈ ಎಲ್ಲಿ, ಸೂಜಿಯ ತುದಿ ಎಲ್ಲಿ, ಬೆಂಕಿ ಹತ್ತಿದರೆ ಮರಳಿನ ಬಕೆಟ್ಟು ಎಲ್ಲಿ. ಆ ಒಣ ಅಭ್ಯಾಸಕ್ಕೆ ಯಾರೂ ನಗುವುದಿಲ್ಲ!

ಪುರಾವೆ ಬೇಕೆನ್ನುವವರಿಗೆ 1995ರ ಒಂದು ಪ್ರಯೋಗವಿದೆ. ಅಮೆರಿಕದಲ್ಲಿ ಆಲ್ವಾರೋ ಪಾಸ್ಕ್ವಾಲ್-ಲಿಯೋನೆ ಮತ್ತು ಸಂಗಡಿಗರು ಪಿಯಾನೋ ಬಾರದವರಿಗೆ ಐದು ಬೆರಳಿನ ಪಾಠವೊಂದನ್ನು ಕೊಟ್ಟರು. ಒಂದು ಗುಂಪು ದಿನಕ್ಕೆ 2 ಗಂಟೆಯಂತೆ 5 ದಿನ ನುಡಿಸಿತು. ಇನ್ನೊಂದು ಪಿಯಾನೋ ಮುಂದೆ ಕೂತು ಬೆರಳಾಡಿಸದೆ ನುಡಿಸಿದಂತೆ ಭಾವಿಸಿತು. ಮಿದುಳಿನಲ್ಲಿ ಬೆರಳುಗಳಿಗೆ ಸೇರಿದ ಜಾಗ ಎರಡು ಗುಂಪಿನಲ್ಲೂ ಹಿಗ್ಗಿತು. ಕೈಚಳಕದಲ್ಲಿ ಭಾವಿಸಿದವರು ಐದನೆಯ ದಿನ ಮುಟ್ಟಿದ್ದು ನುಡಿಸಿದವರ ಮೂರನೆಯ ದಿನದ ಮಟ್ಟ. ಆಮೇಲೆ ಒಂದೇ ಒಂದು ಸಲ 2 ಗಂಟೆ ನಿಜವಾಗಿ ನುಡಿಸಿ ಸರಿಗಟ್ಟಿಬಿಟ್ಟರು. ಅಂದರೆ ಪಿಯಾನೋ ಬೇಡವೆಂದಲ್ಲ. ಮಂಗಳವಾರ, ಶುಕ್ರವಾರ ಬೇಕೇ ಬೇಕು.

ಇಷ್ಟನ್ನು ವಿನೋದವಾಗಿ ಬರೆದು ಮುಗಿಸಬಹುದಿತ್ತು. ಆದರೆ 2023ರ ಜುಲೈಯಲ್ಲಿ ಮೈಸೂರಿನಿಂದ ಫೋನು ಬಂತು. ಅಮ್ಮನಿಗೆ (ನಮ್ಮಲ್ಲೊಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ) ಪಾರ್ಶ್ವವಾಯು, ಎಡಗೈ ಬಿದ್ದುಹೋಗಿದೆ. ರಜೆ ಹಾಕಿ ಓಡಿದೆವು. ಐದು ವಾರ ಆಸ್ಪತ್ರೆ, ಮನೆ, ಆಸ್ಪತ್ರೆ. ರಾತ್ರಿ ಬೆಂಚಿನ ಮೇಲೆ ನಿದ್ದೆ ಬಾರದೆ ಕೂತಾಗ ಅಭ್ಯಾಸಬಲದಿಂದ ನಮ್ಮ ಬೆರಳು ಮೊಳಕಾಲ ಮೇಲೆ ಆಡುತ್ತಿದ್ದವು. ಅಮ್ಮ ಎಚ್ಚರವಾಗಿಯೇ ಇದ್ದರು.

"ಅದೇನ್ರೋ, ಇಬ್ಬರೂ ಇರುವೆ ಹರಿಸಿಕೊಂಡು ಕೂತಿದ್ದೀರಿ?"

ಮೆಲ್ಲಗೆ ಹಾಡಿ ತೋರಿಸಿದೆವು. "ಶಂಕರಾಭರಣ ಕಣ್ರೋ," ಎಂದರು, ತೊದಲುತ್ತ. ಆಮೇಲೆ ಹೇಳಿದ್ದು ನಮ್ಮಿಬ್ಬರಿಗೂ ಹೊಸ ಸುದ್ದಿ. ಅಮ್ಮ ಮದುವೆಯವರೆಗೆ ವೀಣೆ ಕಲಿತಿದ್ದರು. ಮದುವೆಯಾದಮೇಲೆ ವೀಣೆ ಚಿಕ್ಕಮ್ಮನ ಮನೆಯ ಅಟ್ಟ ಸೇರಿತು. ಅಕ್ಕಿ ಆರಿಸುವಾಗ, ಹಪ್ಪಳ ಒತ್ತುವಾಗ, ಮಕ್ಕಳಿಗೆ ತಟ್ಟಿ ಮಲಗಿಸುವಾಗ ಒಳಗೇ ನುಡಿಸಿಕೊಳ್ಳುತ್ತಿದ್ದರಂತೆ. "24 ಮೆಟ್ಟೂ ಕಣ್ಣೆದುರಿಗಿವೆ. ಈ ಕೈ ಮಾತ್ರ ಹೋಯ್ತು ನೋಡಿ."

ವ್ಯಾಯಾಮ ಮಾಡಿಸುವ ಹುಡುಗಿಗೆ ಇದನ್ನು ಹೇಳಿದಾಗ ಆಕೆ ಉಲ್ಲಾಸಗೊಂಡಳು. ಇಂಥ ರೋಗಿಗಳಿಗೆ ಕೈ ಎತ್ತಿಸುವ ಜೊತೆಗೆ ಚಲನೆಯನ್ನು ಮನಸ್ಸಿನಲ್ಲಿ ನಡೆಸಲು ಹೇಳುವ ರೂಢಿಯಿದೆಯಂತೆ. ವ್ಯಾಯಾಮ ತಪ್ಪಿಸುವ ಹಾಗಿಲ್ಲ, ಪವಾಡ ಕಾಯುವ ಹಾಗೂ ಇಲ್ಲ ಎಂದು ಎಚ್ಚರಿಸಿದಳು. ಅಂದಿನಿಂದ ಅಮ್ಮ ಕಣ್ಣು ಮುಚ್ಚಿ, ಮಾಯಾಮಾಳವಗೌಳದಲ್ಲಿ ಮೊದಲ ಸರಳೆ ವರಸೆ ಹಿಡಿದರು. ಎಡಗೈ ಹಾಸಿಗೆಯ ಮೇಲೆ ಸುಮ್ಮನೆ. ಹದಿಮೂರನೆಯ ದಿನ ತೋರುಬೆರಳು ಅಲುಗಿತು.

ವಿಜ್ಞಾನಿಗಳಾಗಿ ಒಂದು ಮಾತು ಹೇಳಲೇಬೇಕು: ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಆಗುವ ಸುಧಾರಣೆ ಬಹಳ, ಒಬ್ಬ ರೋಗಿಯಿಂದ ಏನನ್ನೂ ಸಾಧಿಸಿದಂತಾಗಲಿಲ್ಲ. ಬೆರಳು ವರಸೆಯಿಂದ ಬಂತೋ, ಔಷಧಿಯಿಂದ ಬಂತೋ, ಆ ಹುಡುಗಿ ಹಿಡಿದು ಬಗ್ಗಿಸಿದ್ದರಿಂದ ಬಂತೋ, ನಮಗೆ ವಿಂಗಡಿಸಲಾಗದು. ಅಮ್ಮನಿಗೆ ಆ ವಿಂಗಡಣೆ ಬೇಕಾಗಿಯೂ ಇಲ್ಲ.

ಚಿಕ್ಕಮ್ಮ ಅಟ್ಟದಿಂದ ವೀಣೆ ಇಳಿಸಿ, ಹೊಸ ತಂತಿ ಹಾಕಿಸಿ ಕಳಿಸಿದ್ದಾರೆ. ಭಾನುವಾರ ಬೆಳಿಗ್ಗೆ ಅಮ್ಮ ಫೋನನ್ನು ಪಕ್ಕದಲ್ಲಿಟ್ಟುಕೊಂಡು ನುಡಿಸುತ್ತಾರೆ. ಈಗ ಮೂರನೆಯ ಸರಳೆ. ತೋರುಬೆರಳು ಬರುತ್ತದೆ, ನಡುಬೆರಳು ಇನ್ನೂ ತಡೆಯುತ್ತದೆ. ತಡೆದಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಸದ್ದೇ ಇಲ್ಲ. ಒಳಗೆ ನುಡಿಸಿಕೊಳ್ಳುತ್ತಿದ್ದಾರೆಂದು ನಮಗೆ ಗೊತ್ತು. ಆಮೇಲೆ ಮತ್ತೆ ಮೊದಲಿನಿಂದ. ಈ ತುದಿಯಲ್ಲಿ ನಾವು ತಾಳ ಹಾಕುತ್ತೇವೆ, ತೊಡೆಯ ಮೇಲೆ ಮೆಲ್ಲಗೆ. ಭಾನುವಾರವಲ್ಲವೆ?