ಕೆಮ್ಮಿಗೆ ಬಲ ಕೊಟ್ಟ ಕೈಗಳು

ಕೆಮ್ಮು ಬಂದರೆ ಕಷಾಯ ಕುಡಿದು ನಿಲ್ಲಿಸುವುದು ಲೋಕರೂಢಿ. ಕೆಮ್ಮು ಬಂದರೆ ಸಾಕಪ್ಪಾ ಎಂದು ದೇವರಿಗೆ ಹರಕೆ ಹೊತ್ತವರೂ ಇದ್ದಾರೆ. ಮಲೆನಾಡಿನ ಆ ಕುಟುಂಬ ಅಂಥದ್ದು.

ಕೊಳೆರೋಗಕ್ಕೆ ಮದ್ದು ಹೊಡೆಯಲು ಅಡಿಕೆ ಮರ ಹತ್ತಿದ್ದ ಇಪ್ಪತ್ತೆರಡರ ಮಗ ಜಾರಿ ಬಿದ್ದ. ಓಡಿಬಂದ ತಂದೆ ಅವನನ್ನು ಎತ್ತಿ ಕೂರಿಸಿ, ಜೀಪಿನಲ್ಲಿ ಒರಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ತಂದರು. ಕುತ್ತಿಗೆಯ ಆರನೆಯ ಮೂಳೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿತ್ತು. ‘ಬಿದ್ದವರನ್ನು ಹಾಗೆ ಎತ್ತಬಾರದಿತ್ತು’ ಎಂದು ಯಾರೋ ಅಂದ ಮಾತು ತಂದೆಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಶಸ್ತ್ರಚಿಕಿತ್ಸೆಯಾಗಿ ಮೂಳೆ ಭದ್ರವಾಯಿತು. ಆದರೆ ಮೂರು ದಿನ ಕಳೆಯುವಷ್ಟರಲ್ಲಿ ಎದೆಯಲ್ಲಿ ಗೊರಗೊರ ಸದ್ದು. ಕಫ ಕಟ್ಟಿತ್ತು, ಕೆಮ್ಮಲು ಬಲವಿರಲಿಲ್ಲ.

ಹತ್ತನೆಯ ತರಗತಿಯ ತಂಗಿಗೆ ಇದೇ ಆಶ್ಚರ್ಯ. ಉಸಿರಾಡುವ ಅಣ್ಣನಿಗೆ ಕೆಮ್ಮಲೇಕೆ ಆಗದು? ಉತ್ತರ ಪಾಠದಲ್ಲಿಯೇ ಇದೆ. ಉಸಿರೆಳೆಯುವ ಮುಖ್ಯ ಸ್ನಾಯು ವಪೆ. ಅದರ ನರ ಹೊರಡುವುದು ಕುತ್ತಿಗೆಯ 3, 4, 5ನೆಯ ಮಟ್ಟದಿಂದ. ಪೆಟ್ಟು ಅದರ ಕೆಳಗಿದ್ದುದರಿಂದ ವಪೆ ಉಳಿಯಿತು. ಪಕ್ಕೆಲುಬುಗಳ ನಡುವಿನ ಮತ್ತು ಹೊಟ್ಟೆಯ ಸ್ನಾಯುಗಳಿಗೆ ನರಗಳು ಬರುವುದು ಇನ್ನೂ ಕೆಳಗಿನಿಂದ, ಅವು ಸೋತವು. ಕೆಮ್ಮುವಾಗ ಗಾಳಿಯನ್ನು ಹೊರಗೆ ಚಿಮ್ಮಿಸುವುದು ಹೊಟ್ಟೆಯ ಸ್ನಾಯುಗಳೇ. ಆರೋಗ್ಯವಂತ ವಯಸ್ಕರ ಕೆಮ್ಮಿನ ವೇಗ ನಿಮಿಷಕ್ಕೆ 360 ಲೀಟರ್‌ಗೂ ಹೆಚ್ಚು. ಅದು 160ಕ್ಕಿಂತ ಇಳಿದರೆ ಕಫ ಮೇಲೇರದು. ನಿಂತ ಕಫದಲ್ಲಿ ಸೋಂಕು, ಸೋಂಕಿನಿಂದ ನ್ಯುಮೋನಿಯಾ. ಇಂಥ ರೋಗಿಗಳ ಪ್ರಾಣಕ್ಕೆ ಎರವಾಗುವುದು ಬಹಳ ಸಲ ಇದೇ.

ಸುಲಭವಾಗಲೆಂದು ದಿಂಬು ಕೊಟ್ಟು ಕೂರಿಸಿದರೆ ಉಸಿರು ಇನ್ನೂ ಕಷ್ಟವಾಯಿತು. ಬಿಗಿತವಿಲ್ಲದ ಹೊಟ್ಟೆ ಮುಂದಕ್ಕೆ ಜೋತು, ವಪೆ ಕೆಳಕ್ಕಿಳಿದು ಚಪ್ಪಟೆಯಾಗುತ್ತದೆ. ಎಳೆಯಲು ಅದಕ್ಕೆ ಜಾಗವಿಲ್ಲ. ಫಿಸಿಯೋಥೆರಪಿಸ್ಟ್ ಅವನನ್ನು ಮತ್ತೆ ಮಲಗಿಸಿದರು. ಕೂರಿಸುವಾಗ ಹೊಟ್ಟೆಗೆ ಅಗಲ ಪಟ್ಟಿ ಕಟ್ಟಿದರು. ಚೀಲ ಒತ್ತಿ ಎದೆ ತುಂಬ ಗಾಳಿ ತುಂಬಿಸಿದರು. ಆಮೇಲೆ ತಂದೆಯನ್ನು ಕರೆದರು.

“ಕೈ ಇಲ್ಲಿಡಿ ಗೌಡ್ರೇ, ಪಕ್ಕೆಲುಬಿನ ಕೆಳಗೆ. ಅವನು ಕೆಮ್ಮುವಾಗಲೇ ಒಳಕ್ಕೂ ಮೇಲಕ್ಕೂ ಒತ್ತಬೇಕು. ಊಟವಾದ ಕೂಡಲೇ ಮಾತ್ರ ಬೇಡ.”

ಅವರ ಕೈ ಮುಂದೆ ಬರಲಿಲ್ಲ. “ಬೇಡಮ್ಮಾ, ಈ ಕೈಯಿಂದಲೇ ಒಮ್ಮೆ ಕೆಡಿಸಿದ್ದೇನೆ.”

“ಅಪ್ಪಾ, ಒತ್ತು,” ಎಂದ ಮಗ, ಪಿಸುದನಿಯಲ್ಲಿ.

ಭುಜವನ್ನು ಆಕೆ ಹಿಡಿದುಕೊಂಡರು. ಮೊದಲೆರಡು ಸಲ ತಾಳ ತಪ್ಪಿತು. ಮೂರನೆಯ ಸಲ ಕೆಮ್ಮು ಗಟ್ಟಿಯಾಗಿ ಬಂತು, ಕಫ ಬಾಯಿಗೆ ಬಂತು. ಮಗನ ಮುಖ ತಿಳಿಯಾಯಿತು. ತಂದೆ ಹೊರಗೆ ಹೋಗಿ ಗೋಡೆಗೆ ಮುಖಮಾಡಿ ನಿಂತರು.

ಮಗ ನಡೆಯಲಿಲ್ಲ, ಗಾಲಿಕುರ್ಚಿಯಲ್ಲಿ ಮನೆಗೆ ಮರಳಿದ. ಇಂದು ಆ ಮನೆಯಲ್ಲಿ ತಾಯಿ, ತಂಗಿ ಎಲ್ಲರಿಗೂ ಆ ಒತ್ತು ಗೊತ್ತು. ಊರಿನ ತೋಟಗಳಲ್ಲಿ ಮರ ಹತ್ತುವವರಿಗೆ ತಂದೆ ಹೇಳುವ ಮಾತು ಒಂದೇ: “ಬಿದ್ದವರನ್ನು ಕೂರಿಸಬೇಡಿ. ಕುತ್ತಿಗೆ ಅಲ್ಲಾಡದಂತೆ ಹಿಡಿದು, ಹಲಗೆಯ ಮೇಲೆ ಮಲಗಿಸಿ ತನ್ನಿ.”