ನೀರಿನ ನಾಡಿ

ಹಳೇಬೀಡು ನೋಡಿಕೊಂಡು ಬೇಲೂರಿಗೆ ಬಂದ ನೆಂಟರಿಗೆ ದೋಣಿ ಹತ್ತುವ ಆಸೆಯಾಯಿತು. ಯಗಚಿಯ ಜಲಾಶಯಕ್ಕೆ ಕರೆದುಕೊಂಡು ಹೋದೆ. ಅವರು ನೀರನ್ನೂ ಆಕಾಶವನ್ನೂ ನೋಡುತ್ತಿದ್ದರು. ದೋಣಿಯವನು ಮಾತ್ರ ಆಗಾಗ ತಿರುಗಿ ಇಂಜಿನ್ನಿನ ಬೆನ್ನು ನೋಡುತ್ತಿದ್ದ. ಅಲ್ಲಿಂದ ದಾರದಷ್ಟು ಸಣ್ಣ ನೀರಿನ ಧಾರೆ ಚಿಮ್ಮುತ್ತಿತ್ತು.

"ಏನಪ್ಪಾ, ಸೋರುತ್ತಿದೆಯಲ್ಲ?" ಎಂದೆ.

"ಸೋರ್ತಿದ್ರೇನೇ ಒಳ್ಳೇದು ಸಾರ್. ನಿಂತ್ರೇ ಕಷ್ಟ" ಎಂದು ನಕ್ಕ.

ಈ ಇಂಜಿನ್ನು ತಾನು ಓಡುವ ನೀರನ್ನೇ ಕುಡಿದು ತಣ್ಣಗಿರುತ್ತದಂತೆ. ನೀರಿನಲ್ಲಿ ಮುಳುಗಿದ ಅದರ ಕಾಲಿಗೆ ಒಂದು ಜಾಲರಿ. ಅದರೊಳಗೆ ರಬ್ಬರಿನ ರೆಕ್ಕೆಗಳ ಪುಟ್ಟ ಚಕ್ರ. ಚಕ್ರ ನೀರನ್ನೆತ್ತಿ ಸಿಲಿಂಡರಿನ ಸುತ್ತ ಹರಿಸುತ್ತದೆ. ಜಾಲರಿಗೆ ಜೊಂಡೋ ಪ್ಲಾಸ್ಟಿಕ್ ಚೀಲವೋ ಅಂಟಿತೆಂದರೆ ಧಾರೆ ನಿಲ್ಲುತ್ತದೆ. ನೀರಿಲ್ಲದೆ ತಿರುಗಿದ ರಬ್ಬರು ಬೇಗನೆ ಹಾಳಾಗುತ್ತದೆ. ಅದರ ಹಿಂದೆಯೇ ಇಂಜಿನ್ನಿನ ಸರದಿ.

ಅವನು ಹೇಳುತ್ತಿದ್ದಂತೆಯೇ ಧಾರೆ ತೆಳುವಾಯಿತು. ಒಡನೆ ಇಂಜಿನ್ ನಿಲ್ಲಿಸಿ, ಅದನ್ನು ಮೇಲಕ್ಕೆ ಬಾಗಿಸಿ, ಜಾಲರಿಯಿಂದ ಒಂದು ಹಿಡಿ ಪಾಚಿ ಕಿತ್ತ. ಧಾರೆ ಬೀಳುವ ತೂತಿಗೂ ಸಣ್ಣ ತಂತಿಯೊಂದನ್ನು ಆಡಿಸಿದ. ಒಮ್ಮೊಮ್ಮೆ ಕಸ ಅಲ್ಲಿಯೇ ಕಟ್ಟಿ ಸುಮ್ಮನೆ ಹೆದರಿಸುವುದುಂಟಂತೆ.

ಆ ಹಿಡಿ ಪಾಚಿ ನನ್ನನ್ನು ಅರಸೀಕೆರೆಯ ಕಡೆಯ ನಮ್ಮೂರಿನ ಕೆರೆಯಂಗಳಕ್ಕೆ, 1992ರ ಬೇಸಿಗೆಗೆ ಎಳೆದೊಯ್ದಿತು. ಅಪ್ಪ ತೆಂಗಿನ ಸಸಿಗಳಿಗೆ ನೀರು ಹಾಯಿಸಲು ಡೀಸೆಲ್ ಇಂಜಿನ್ ಕೊಂಡಿದ್ದರು. ಪಂಪು ಎತ್ತಿದ ನೀರಿನಲ್ಲಿಯೇ ಒಂದು ಪಾಲು ಸಣ್ಣ ಕೊಳವೆಯಲ್ಲಿ ಹೋಗಿ ಇಂಜಿನ್ನನ್ನು ತಣಿಸಿ ಹೊರಗೆ ಬೀಳುತ್ತಿತ್ತು. "ಇದು ಬೀಳೋದನ್ನ ನೋಡ್ತಿರು. ನಿಂತ್ರೆ ಇಂಜಿನ್ ನಿಲ್ಸಿಬಿಡು" ಎಂದು ಹೇಳಿ ಅಪ್ಪ ಸಂತೆಗೆ ಹೋದರು. ಹನ್ನೆರಡು ವರ್ಷದ ನನ್ನ ಕೈಯಲ್ಲಿ ಒಂದು ಕಾದಂಬರಿಯಿತ್ತು. ಕೆರೆಯ ಪಾಚಿ ಫುಟ್‌ವಾಲ್ವಿನ ಜರಡಿಯನ್ನು ಮುಚ್ಚಿದ್ದು ನನಗೆ ತಿಳಿಯಲಿಲ್ಲ. ಸುಟ್ಟ ವಾಸನೆಗೆ ತಲೆಯೆತ್ತುವ ಹೊತ್ತಿಗೆ ಇಂಜಿನ್ನು ತಾನಾಗಿಯೇ ನಿಂತಿತ್ತು. ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡಿತ್ತು. ಎದುರಿಗೇ ನೀರು, ಸಾಲವಿನ್ನೂ ತೀರದ ಇಂಜಿನ್ನು ನೀರಿಲ್ಲದೆ ಸತ್ತಿತ್ತು.

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಜರಡಿಯ ಪಾಚಿಯನ್ನು ಕಿತ್ತು, ತೊಳೆದು, ದಡದ ಮೇಲಿಟ್ಟರು. ಆ ಬೇಸಿಗೆಯೆಲ್ಲ ಅವರೂ ನಾನೂ ಬಿಂದಿಗೆಯಲ್ಲಿ ನೀರು ಹೊತ್ತೆವು. ಆದರೂ ಅರ್ಧ ಸಸಿಗಳು ಒಣಗಿದವು. ನಾನು ಓದುವುದನ್ನು ಮಾತ್ರ ಅವರು ಒಂದು ದಿನವೂ ಬೇಡವೆನ್ನಲಿಲ್ಲ. ಆ ಓದೇ ಇಂದು ನನ್ನ ಅನ್ನ.

ದೋಣಿ ಮತ್ತೆ ಹೊರಟಿತು. "ಅಲ್ನೋಡಿ, ಕೊಕ್ಕರೆಗಳು!" ಎಂದು ನೆಂಟರು ಕೂಗಿದರು. ನಾನು ನೋಡಲಿಲ್ಲ. ದಡ ಸೇರುವವರೆಗೂ ನನ್ನ ಕಣ್ಣು ಆ ಧಾರೆಯ ಮೇಲೆಯೇ ಇತ್ತು.